ಆ ಸೋಮವಾರ 8080 ಯಾರ ಕೈಯಲ್ಲಿತ್ತು

ಸೋಮವಾರ ಬೆಳಿಗ್ಗೆ ಎಂಟೂಮುಕ್ಕಾಲರ ಹೊತ್ತಿಗೆ ನಾನು ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದ ಮೆಟ್ಟಿಲು ಇಳಿಯುತ್ತಿದ್ದಾಗ ಕಚೇರಿಯ ಸೂಪರಿಂಟೆಂಡೆಂಟ್ ಫೋನ್ ಮಾಡಿದರು. “ಸರ್, ಶುಲ್ಕ ಕಟ್ಟೋ ಪುಟದಲ್ಲಿ ಬೇರೆ ಏನೋ ಬರ್ತಿದೆ. ಹೆಸರು, ಪಾಸ್‌ವರ್ಡ್ ಕೇಳುತ್ತೆ, ಆದರೆ ಅದು ನಮ್ಮ ಪುಟ ಅಲ್ಲ. ಪೋಷಕರು ಕೌಂಟರ್ ಮುಂದೆ ನಿಂತಿದ್ದಾರೆ” ಎಂದರು. ಅದು ಜೂನ್ ತಿಂಗಳು, ಪ್ರವೇಶಾತಿಯ ಸಮಯ. ಪುಟ ತೆರೆಯುತ್ತಿಲ್ಲ ಎಂದಿದ್ದರೆ ನನಗೆ ಅಷ್ಟು ಗಾಬರಿಯಾಗುತ್ತಿರಲಿಲ್ಲ. ಬೇರೆ ಪುಟ ಬರುತ್ತಿದೆ ಎಂಬ ಮಾತು ಕೇಳಿ, ಯಾರೋ ಹೊರಗಿನವರು ನಮ್ಮ ಸರ್ವರಿನ ಒಳಗೆ ಬಂದಿದ್ದಾರೆಂದೇ ಭಾವಿಸಿ ಬಸವನಗುಡಿಯ ನಮ್ಮ ಕಟ್ಟಡದವರೆಗೂ ಓಡುನಡಿಗೆಯಲ್ಲಿ ಹೋದೆ.

ನಾನು ಕೆಲಸ ಮಾಡುವುದು ಕೆಲವು ಶಾಲೆ ಕಾಲೇಜುಗಳನ್ನು ನಡೆಸುವ ಒಂದು ಶಿಕ್ಷಣ ಸಂಸ್ಥೆಯಲ್ಲಿ. ನಮ್ಮಲ್ಲಿರುವುದು ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಮೇಲೆ ನಡೆಯುವ ಎರಡೇ ಸರ್ವರ್‌ಗಳು. ಶುಲ್ಕ, ಲೆಕ್ಕಪತ್ರ, ಗ್ರಂಥಾಲಯದ ಪುಸ್ತಕಸೂಚಿ, ಹಾಸ್ಟೆಲ್ ಹಾಜರಾತಿ ಎಲ್ಲವೂ ಆ ಎರಡರಲ್ಲೇ ಒಟ್ಟು ಕುಟುಂಬದ ಹಾಗೆ ಬಾಳುತ್ತವೆ; ಪ್ರತಿ ತಂತ್ರಾಂಶಕ್ಕೂ ಪ್ರತ್ಯೇಕ ಯಂತ್ರ ಕೊಡುವಷ್ಟು ಹಣ ನಮ್ಮಂಥ ಸಂಸ್ಥೆಗಳಲ್ಲಿ ಇರುವುದಿಲ್ಲ. ಇವೆಲ್ಲದರ ಪ್ರತಿಯನ್ನು ರಾತ್ರಿ ತೆಗೆದಿಡುವ ಬ್ಯಾಕಪ್ ತಂತ್ರಾಂಶದ ಹಳೆಯ ಆವೃತ್ತಿಗೆ ತಯಾರಕರ ಬೆಂಬಲ ಮುಗಿಯಲಿದ್ದುದರಿಂದ ಹಿಂದಿನ ಶನಿವಾರ ಸಂಜೆ ಕಚೇರಿ ಮುಚ್ಚಿದ ಮೇಲೆ ನಾನೇ ಕುಳಿತು ಹೊಸ ಆವೃತ್ತಿಗೆ ಏರಿಸಿದ್ದೆ. ಕೆಲಸ ಯಶಸ್ವಿಯಾಗಿ ಮುಗಿಯಿತು ಎಂಬ ಸಂದೇಶ ಬಂದಿತ್ತು. ಒಂದು ಕಡತಕೋಶದ ಪ್ರತಿ ತೆಗೆದು, ಅದನ್ನು ಬೇರೆ ಜಾಗಕ್ಕೆ ಮರಳಿ ಇಳಿಸಿ, ಎರಡನ್ನೂ ತಾಳೆ ನೋಡಿ, ನೆಮ್ಮದಿಯಿಂದ ಮನೆಗೆ ಹೋಗಿದ್ದೆ.

ಪರದೆಯ ಮುಂದೆ ಕುಳಿತು ಆ ಅಪರಿಚಿತ ಪುಟವನ್ನು ನೋಡಿದ ಕೂಡಲೇ ಗುರುತು ಹತ್ತಿತು. ಅದು ನಾನು ಶನಿವಾರ ಹಾಕಿದ ಬ್ಯಾಕಪ್ ತಂತ್ರಾಂಶದ್ದೇ ನಿರ್ವಹಣಾ ಪುಟ. ಹೊರಗಿನವರು ಯಾರೂ ಬಂದಿರಲಿಲ್ಲ ಎಂಬುದು ಒಂದು ಸಮಾಧಾನ. ಆದರೆ ಸಂಸ್ಥೆಯ ಎಲ್ಲ ದಾಖಲೆಗಳ ಪ್ರತಿಯನ್ನೂ ಆಳುವ ಪುಟವೊಂದು ಶುಲ್ಕದ ವಿಳಾಸದಲ್ಲಿ ಊರಿಗೆಲ್ಲ ತೆರೆದು ನಿಂತಿದೆ ಎಂಬುದು ಅದಕ್ಕಿಂತ ದೊಡ್ಡ ಆತಂಕ. ಮೊದಲು ಹೊರಗಿನ ದಾರಿಯನ್ನೇ ಮುಚ್ಚಿದೆ. ಆಮೇಲೆ ಯಾವ ಪ್ರಕ್ರಿಯೆ ಯಾವ ಪೋರ್ಟಿನಲ್ಲಿ ಕಿವಿಗೊಟ್ಟು ಕುಳಿತಿದೆ ಎಂದು ತೋರಿಸುವ ‘ಎಸ್‌ಎಸ್’ ಎಂಬ ಎರಡಕ್ಷರದ ಆದೇಶ ಕೊಟ್ಟೆ. 8080ರ ಎದುರಿಗೆ ಶುಲ್ಕದ ತಂತ್ರಾಂಶದ ಹೆಸರಿರಬೇಕಾಗಿತ್ತು, ಬ್ಯಾಕಪ್ಪಿನ ಹೆಸರಿತ್ತು.

ಪೋರ್ಟ್ ಎಂದರೆ ಒಂದು ಯಂತ್ರದೊಳಗಿನ ಬಾಗಿಲ ಸಂಖ್ಯೆ. ಹದಿನಾರು ಬಿಟ್‌ಗಳಲ್ಲಿ ಬರೆಯುವ ಸಂಖ್ಯೆಯಾದ್ದರಿಂದ 0ಯಿಂದ 65535ರವರೆಗೆ ಹೋಗುತ್ತದೆ. ಯಂತ್ರದ ವಿಳಾಸ ಒಂದೇ ಆದರೂ ಒಳಗಿರುವ ಹತ್ತು ಸೇವೆಗಳಲ್ಲಿ ಯಾರನ್ನು ಕಾಣಲು ಬಂದಿದ್ದೀರಿ ಎಂಬುದನ್ನು ಈ ಸಂಖ್ಯೆ ಹೇಳುತ್ತದೆ. ನಮ್ಮ ಬಸವನಗುಡಿಯ ಹಳೆಯ ಮನೆಗಳ ಗೇಟಿನ ಮೇಲೆ ಹಳೆಯ ನಂಬರು, ಹೊಸ ನಂಬರು ಎಂದು ಎರಡು ಬರೆದಿರುವುದನ್ನು ನೋಡಿರುತ್ತೀರಿ. ಅಲ್ಲಿ ಒಂದು ಮನೆಗೆ ಎರಡು ಸಂಖ್ಯೆಗಳಿದ್ದರೂ ಅಂಚೆಯವರು ಹೇಗೋ ಕಾಗದ ತಲುಪಿಸುತ್ತಾರೆ. ಇಲ್ಲಿ ನಮಗಾದದ್ದು ಅದರ ತಿರುವು: ಒಂದೇ ಸಂಖ್ಯೆಗೆ ಎರಡು ಮನೆಗಳು, ಮತ್ತು ಬಂದವರೆಲ್ಲ ಮೊದಲು ಬಾಗಿಲು ತೆರೆದವರ ಮನೆಯೊಳಕ್ಕೆ. ಹೊರಗಿನಿಂದ ಬರುವ ಕೋರಿಕೆಯನ್ನು ಮುಂದೆ ನಿಂತ ವೆಬ್ ಸರ್ವರ್ ಒಳಗಿನ 8080ಕ್ಕೆ ದಾಟಿಸುತ್ತದೆ. ಅಲ್ಲಿ ಈಗ ಯಾರಿದ್ದಾರೆ ಎಂದು ಕೇಳುವುದು ಅದರ ಕೆಲಸವಲ್ಲ.

ಹಾಗಾದರೆ ಶನಿವಾರ ಏಕೆ ಎಲ್ಲವೂ ಸರಿಯಿತ್ತು? ಇದಕ್ಕೆ ಉತ್ತರ ಸಿಕ್ಕಿದ್ದು ಬ್ಯಾಕಪ್ ತಂತ್ರಾಂಶ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಲಾಗ್ ಕಡತದ ನಡುವಿನ ಒಂದೇ ಒಂದು ಸಾಲಿನಲ್ಲಿ. ಹಳೆಯ ಆವೃತ್ತಿಗೆ ವೆಬ್ ಪುಟವೇ ಇರಲಿಲ್ಲ. ಹೊಸದರಲ್ಲಿ ಸೇರಿಸಿ, ಅದಕ್ಕೆ 8080 ಎಂದು ತಯಾರಕರು ನಿಗದಿ ಮಾಡಿದ್ದರು. ಶನಿವಾರ ಅದು ಎದ್ದಾಗ ಶುಲ್ಕದ ತಂತ್ರಾಂಶ ಆಗಲೇ ಅಲ್ಲಿ ಕುಳಿತಿದ್ದರಿಂದ, ವಿಳಾಸ ಈಗಾಗಲೇ ಬಳಕೆಯಲ್ಲಿದೆ ಎಂಬ ಅರ್ಥದ ದೋಷ ಸಂಖ್ಯೆ 98ನ್ನು ಬರೆದಿಟ್ಟು ಸುಮ್ಮನಾಗಿತ್ತು. ಪ್ರತಿ ತೆಗೆಯುವ ಭಾಗ ಪ್ರತ್ಯೇಕವಾದ್ದರಿಂದ ನನ್ನ ಪರೀಕ್ಷೆ ಸರಾಗವಾಗಿ ನಡೆದಿತ್ತು. ಭಾನುವಾರ ರಾತ್ರಿಯ ಮಳೆಗೆ ವಿದ್ಯುತ್ ಹೋಗಿ, ಯುಪಿಎಸ್ ಬ್ಯಾಟರಿ ಬರಿದಾಗಿ, ಎರಡೂ ಸರ್ವರ್‌ಗಳು ಆರಿ, ಬೆಳಗಿನ ಜಾವ ಕರೆಂಟ್ ಬಂದಾಗ ತಾವಾಗಿಯೇ ಎದ್ದಿದ್ದವು. ಹಾಗೆ ಏಳುವಾಗ, ಇದಾದ ಮೇಲೆ ಅದು ಎಂದು ನಾವು ಸ್ಪಷ್ಟವಾಗಿ ಬರೆದಿಡದಿದ್ದರೆ, ಸೇವೆಗಳೆಲ್ಲ ಏಕಕಾಲಕ್ಕೆ ಹೊರಡುತ್ತವೆ. ಶುಲ್ಕದ ತಂತ್ರಾಂಶ ತನ್ನ ದತ್ತಸಂಚಯಕ್ಕಾಗಿ (ಡೇಟಾಬೇಸ್) ಕಾಯುತ್ತಿದ್ದ ಅರ್ಧ ನಿಮಿಷದಲ್ಲಿ ಬ್ಯಾಕಪ್ಪಿನ ಪುಟ 8080ನ್ನು ಹಿಡಿದುಕೊಂಡಿತ್ತು. ತಪ್ಪು ಶನಿವಾರವೇ ಆಗಿತ್ತು. ಯಂತ್ರ ಮತ್ತೆ ಏಳುವವರೆಗೆ ಅದಕ್ಕೆ ಮುಖವಿರಲಿಲ್ಲ, ಅಷ್ಟೆ. ಏರಿಸಿದ ಮೇಲೆ ಒಮ್ಮೆ ನಾನೇ ರೀಬೂಟ್ ಮಾಡಿ ನೋಡಿದ್ದರೆ ಸೋಮವಾರದ ಸಾಲು ನಿಲ್ಲುತ್ತಿರಲಿಲ್ಲ.

ಪರಿಹಾರಕ್ಕೆ ಹದಿನೈದು ನಿಮಿಷವೂ ಬೇಕಾಗಲಿಲ್ಲ. ಬ್ಯಾಕಪ್ಪಿನ ಪುಟವನ್ನು ಬೇರೆ ಸಂಖ್ಯೆಗೆ ಸರಿಸಿ, ಕಚೇರಿಯ ಒಳಜಾಲಕ್ಕಷ್ಟೇ ಕಾಣುವಂತೆ, ಯಾರನ್ನು ಒಳಗೆ ಬಿಡಬೇಕೆಂದು ನಿರ್ಧರಿಸುವ ಫೈರ್‌ವಾಲ್‌ನಲ್ಲಿ ಬರೆದು, ಶುಲ್ಕದ ತಂತ್ರಾಂಶವನ್ನು ಎಬ್ಬಿಸಿದೆ. ಹತ್ತು ಗಂಟೆಗೆ ಮೊದಲೇ ಕೌಂಟರ್ ನಡೆಯತೊಡಗಿತು. ನನ್ನನ್ನು ಹೆಚ್ಚು ಕಾಡಿದ್ದು ಅದಾದ ಮೇಲೆ ಓದಿದ ಇನ್ನೊಂದು ಲಾಗ್. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಹನ್ನೊಂದು ಬಾರಿ ಪೋಷಕರು ಆ ಪುಟದಲ್ಲಿ ತಮ್ಮ ಮಕ್ಕಳ ಪ್ರವೇಶ ಸಂಖ್ಯೆಯನ್ನೂ ಪಾಸ್‌ವರ್ಡನ್ನೂ ಹಾಕಿ ಒಳಗೆ ಹೋಗಲು ಯತ್ನಿಸಿದ್ದರು. ನಮ್ಮ ವಿಳಾಸವನ್ನು ನಂಬಿ ಹಾಕಿದ್ದರು. ಪಾಸ್‌ವರ್ಡ್ ಅಲ್ಲಿ ದಾಖಲಾಗಿರಲಿಲ್ಲ, ಹೆಸರಿನ ಜಾಗದಲ್ಲಿ ಬರೆದದ್ದು ಮಾತ್ರ ಉಳಿದಿತ್ತು. ಆದರೂ ಅವರೆಲ್ಲರಿಗೂ ನಾನೇ ಫೋನ್ ಮಾಡಿ, ನಡೆದದ್ದನ್ನು ಹೇಳಿ, ಪಾಸ್‌ವರ್ಡ್ ಬದಲಿಸಲು ಕೇಳಿಕೊಂಡೆ. ಒಬ್ಬ ತಾಯಿ, “ಪರವಾಗಿಲ್ಲ ಸರ್, ಆದರೆ ಕಟ್ಟಿದ ದುಡ್ಡಿನ ಲೆಕ್ಕ ಸರಿ ಇದೆ ತಾನೆ?” ಎಂದು ಕೇಳಿದರು. ಸರಿ ಇದೆಯಮ್ಮ, ಪ್ರತಿ ರಾತ್ರಿ ಅದರ ಪ್ರತಿ ತೆಗೆದಿಡುತ್ತೇವೆ ಎಂದು ಹೇಳಿದೆ.

ಆ ಮಾತು ಹೇಳಿ ಮೂರನೆಯ ದಿನ, ಗುರುವಾರ ಬೆಳಿಗ್ಗೆ ನೋಡುವಾಗ ಬುಧವಾರ ರಾತ್ರಿ ಲೆಕ್ಕಪತ್ರದ ಪ್ರತಿ ಆಗಿರಲಿಲ್ಲ. ಲಾಗ್‌ನಲ್ಲಿ ಮತ್ತೆ ಅದೇ ದೋಷ 98, ಆದರೆ ಪೋರ್ಟ್ ಸಂಖ್ಯೆ ಬೇರೆ: 50123. ಆ ಪೋರ್ಟಿನಲ್ಲಿ ಯಾರಿದ್ದಾರೆಂದು ನೋಡಿದರೆ ಯಾರೂ ಇರಲಿಲ್ಲ. ಕೈಯಾರೆ ಓಡಿಸಿದರೆ ಕೆಲಸ ಆಯಿತು. ಗುರುವಾರ ರಾತ್ರಿ ತಾನಾಗಿ ಆಯಿತು. ಶುಕ್ರವಾರ ರಾತ್ರಿ ಮತ್ತೆ ಇಲ್ಲ. ಸದಾ ಕೆಟ್ಟಿರುವುದನ್ನು ಹುಡುಕಬಹುದು. ನಾವು ನೋಡುವ ಹೊತ್ತಿಗೆ ಸರಿಯಾಗಿ ನಿಂತಿರುವ ದೋಷದಷ್ಟು ಮನುಷ್ಯನನ್ನು ದಣಿಸುವುದು ಬೇರೊಂದಿಲ್ಲ.

ಪೋರ್ಟುಗಳ ಸ್ಥಿತಿಯನ್ನು ನಿಮಿಷಕ್ಕೊಮ್ಮೆ ಬರೆದಿಡುವ ಪುಟ್ಟ ಆದೇಶಪಟ್ಟಿಯೊಂದನ್ನು ಹಾಕಿ ಕಾದೆ. ಈ ಸಲ ನಾನು ಹುಡುಕುವಾಗ ಮಾಡಿದ್ದ ತಪ್ಪು ಆಗ ತಿಳಿಯಿತು. ಕಿವಿಗೊಟ್ಟು ಕುಳಿತವರನ್ನು ಮಾತ್ರ ನೋಡುತ್ತಿದ್ದೆ. ಹೊರಗೆ ಹೋಗುವವರನ್ನು ನೋಡಿರಲಿಲ್ಲ. ಒಂದು ತಂತ್ರಾಂಶ ಬೇರೆ ಯಂತ್ರಕ್ಕೆ ಸಂಪರ್ಕ ಬೆಳೆಸುವಾಗ ತನ್ನ ಕಡೆಯಲ್ಲೂ ಅದಕ್ಕೊಂದು ಸಂಖ್ಯೆ ಬೇಕು, ಅದನ್ನು ಲಿನಕ್ಸ್ ತಾನಾಗಿಯೇ ಆರಿಸಿಕೊಡುತ್ತದೆ. ನಾವು ಬದಲಿಸದಿದ್ದರೆ ಆ ಆಯ್ಕೆ 32768ರಿಂದ 60999ರೊಳಗೆ ನಡೆಯುತ್ತದೆ. ಶುಲ್ಕದ ತಂತ್ರಾಂಶ ಇನ್ನೊಂದು ಸರ್ವರಿನ ದತ್ತಸಂಚಯದೊಂದಿಗೆ ಹತ್ತಾರು ಸಂಪರ್ಕಗಳನ್ನು ಗಂಟೆಗಟ್ಟಲೆ ಇಟ್ಟುಕೊಂಡಿರುತ್ತದೆ. ಅವುಗಳಲ್ಲೊಂದಕ್ಕೆ 50123 ಸಿಕ್ಕ ರಾತ್ರಿ ಬ್ಯಾಕಪ್ಪಿಗೆ ಬಾಗಿಲಿಲ್ಲ. ಹಳೆಯ ಆವೃತ್ತಿಯ ವರ್ಗಾವಣೆಯ ಭಾಗ ಹತ್ತು ಸಾವಿರಕ್ಕಿಂತ ಕೆಳಗಿನ ಸಂಖ್ಯೆಯೊಂದನ್ನು ಹಗಲೂ ರಾತ್ರಿ ಹಿಡಿದು ಕೂತಿರುತ್ತಿತ್ತು. ಹೊಸದು ಕೆಲಸ ಶುರುವಾಗುವ ಹೊತ್ತಿಗಷ್ಟೇ ಎದ್ದು 50123ನ್ನು ಕೇಳುತ್ತಿತ್ತು. 49152ರಿಂದ 65535ರವರೆಗಿನ ಸಂಖ್ಯೆಗಳನ್ನು ಯಾರ ಹೆಸರಿಗೂ ನೋಂದಾಯಿಸದೆ ತಾತ್ಕಾಲಿಕ ಬಳಕೆಗೆಂದೇ ಬಿಟ್ಟಿದ್ದಾರೆ, ವಿಂಡೋಸ್ ಕೂಡ ಈಗ ಹೊರಸಂಪರ್ಕಗಳಿಗೆ ಅವನ್ನೇ ಬಳಸುತ್ತದೆ. ಅಂಥ ಸಾರ್ವಜನಿಕ ಜಾಗದಲ್ಲಿ ಒಂದು ಸಂಖ್ಯೆಯನ್ನು ಸೇವೆಯ ಕಾಯಂ ವಿಳಾಸವಾಗಿ ನಿಗದಿಮಾಡಿದ್ದು ತಯಾರಕರ ಅಜಾಗರೂಕತೆ ಎಂದೇ ನಾನು ಭಾವಿಸುತ್ತೇನೆ, ಅವರಿಗೆ ಹಾಗೆಯೇ ಬರೆದೂ ಇದ್ದೇನೆ.

ಸಂತೆಯ ದಿನ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವಂತೆ ಲಿನಕ್ಸ್‌ನಲ್ಲೂ ಒಂದು ಏರ್ಪಾಡಿದೆ. ಕಾಯ್ದಿರಿಸಿದ ಪೋರ್ಟುಗಳ ಪಟ್ಟಿಯಲ್ಲಿ ಒಂದು ಸಂಖ್ಯೆಯನ್ನು ಸೇರಿಸಿಬಿಟ್ಟರೆ ವ್ಯವಸ್ಥೆ ಅದನ್ನು ತಾನಾಗಿ ಯಾರಿಗೂ ಕೊಡುವುದಿಲ್ಲ, ಹೆಸರು ಹಿಡಿದು ಕೇಳಿದವರಿಗೆ ಮಾತ್ರ ಕೊಡುತ್ತದೆ. ಆದರೆ ಈಗಾಗಲೇ ಕೂತವರನ್ನು ಅದು ಎಬ್ಬಿಸುವುದಿಲ್ಲ. 50123ನ್ನು ಆ ಪಟ್ಟಿಗೆ ಸೇರಿಸಿ, ರೀಬೂಟ್ ಆದರೂ ಉಳಿಯುವಂತೆ ಕಡತದಲ್ಲಿ ಬರೆದು, ಶುಲ್ಕದ ತಂತ್ರಾಂಶವನ್ನು ಒಮ್ಮೆ ನಿಲ್ಲಿಸಿ ಎಬ್ಬಿಸಿದೆ.

ಇಷ್ಟಾದ ಮೇಲೆ ನಮ್ಮಲ್ಲಿ ಯಾವ ಸಂಖ್ಯೆ ಯಾರದು ಎಂಬ ಪಟ್ಟಿಯೇ ಇಲ್ಲವಲ್ಲ ಎಂದು ಬೀರು ತಡಕಿದಾಗ, ನಿವೃತ್ತರಾದ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರ ಗೆರೆ ಹಾಕಿದ ನೋಟ್‌ಬುಕ್ ಸಿಕ್ಕಿತು. ಮುದ್ದಾದ ಅಕ್ಷರದಲ್ಲಿ, ಪ್ರತಿ ಸರ್ವರಿಗೆ ಒಂದು ಪುಟ, ಸಂಖ್ಯೆ, ತಂತ್ರಾಂಶ, ಕೇಳಿದವರು ಯಾರು ಎಂದೆಲ್ಲ ಬರೆದಿದ್ದರು. ಅವರು ಹೋದ ತಿಂಗಳಿಗೆ ನಿಂತುಹೋಗಿತ್ತು. ಅದನ್ನು ಮುಂದುವರಿಸದೆ ಬಿಟ್ಟವನು ನಾನೇ. ಇಡೀ ಅಂತರಜಾಲದ ಇಂಥ ಪಟ್ಟಿ ಶುರುವಾದದ್ದೂ ಹೀಗೆಯೇ ಒಬ್ಬರ ಕೈಯಲ್ಲಿ: 1972ರ ಮೇ ತಿಂಗಳಲ್ಲಿ, ಅಂತರಜಾಲವನ್ನು ಕಟ್ಟಿದ ಮೊದಲಿಗರಲ್ಲಿ ಒಬ್ಬರಾದ ಜಾನ್ ಪೋಸ್ಟೆಲ್ ಅವರು, ಜಾಲದ ತಜ್ಞರು ತಮ್ಮೊಳಗೆ ಹಂಚಿಕೊಳ್ಳುತ್ತಿದ್ದ ಆರ್‌ಎಫ್‌ಸಿ ಎಂಬ ಟಿಪ್ಪಣಿಗಳ ಸರಣಿಯ 349ನೆಯದರಲ್ಲಿ, ಈ ಸಂಖ್ಯೆಗಳನ್ನು ಹಂಚಿಕೊಡುವವರು ಒಬ್ಬರಿರಬೇಕು, ಅದು ತಾವೇ ಆಗಬಹುದೇ ಎಂದು ಕೇಳಿದ್ದರು, 1998ರಲ್ಲಿ ತೀರಿಕೊಳ್ಳುವವರೆಗೂ ಆ ಹೊಣೆ ಹೊತ್ತಿದ್ದರು. ನೋಟ್‌ಬುಕ್ಕಿನ ಮುಂದಿನ ಖಾಲಿ ಪುಟದಲ್ಲಿ ದಿನಾಂಕ ಹಾಕಿ, ಎರಡೂ ಸರ್ವರ್‌ಗಳ ಈಗಿನ ಸಂಖ್ಯೆಗಳನ್ನು ಒಂದೊಂದಾಗಿ ಬರೆದೆ. ಹಿರಿಯರ ಪಟ್ಟಿಯಲ್ಲಿ 8080ರ ಎದುರಿಗೆ ಶುಲ್ಕ ಎಂದೇ ಇತ್ತು.

ಎರಡನೇ ಶನಿವಾರ ಕಚೇರಿಗೆ ರಜೆ. ಅಂದು ಮಧ್ಯಾಹ್ನ ಎರಡೂ ಸರ್ವರ್‌ಗಳನ್ನು ಪೂರ್ತಿ ಆರಿಸಿ, ಗೋಡೆಯ ಸ್ವಿಚ್ಚಿನಿಂದಲೇ ಮತ್ತೆ ಎಬ್ಬಿಸಿದೆ. ಒಮ್ಮೆ ಶುಲ್ಕದ ಸರ್ವರ್ ಮೊದಲು, ಒಮ್ಮೆ ದತ್ತಸಂಚಯದ ಸರ್ವರ್ ಮೊದಲು, ಕೊನೆಗೆ ಎರಡನ್ನೂ ಒಟ್ಟಿಗೆ. ಪ್ರತಿ ಸಲವೂ ಪೋರ್ಟುಗಳನ್ನು ನೋಟ್‌ಬುಕ್ಕಿನ ಸಾಲುಗಳೊಂದಿಗೆ ಬೆರಳಿಟ್ಟು ತಾಳೆ ನೋಡಿ, ಲೆಕ್ಕಪತ್ರದ ಪ್ರತಿ ತೆಗೆದು, ಮರಳಿ ಇಳಿಸಿ, ಹಿಂದಿನ ದಿನದ ಕೊನೆಯ ರಸೀದಿ ಅದರಲ್ಲಿದೆಯೇ ಎಂದು ಪರೀಕ್ಷಿಸಿದೆ. ಮೂರೂ ಸಲ ಇತ್ತು. ಗೇಟಿನ ಕಾವಲುಗಾರರು ಎರಡು ಬಾರಿ ಬಂದು, “ಇನ್ನೂ ಆಗಿಲ್ವಾ ಸಾರ್?” ಎಂದು ಕೇಳಿಹೋಗಿದ್ದರು. ಆರೂವರೆಗೆ ಬೀಗ ಹಾಕಿ ಹೊರಟೆ. ತಪ್ಪಿದ ಬುಧವಾರ ಮತ್ತು ಶುಕ್ರವಾರದ ಆ ಎರಡು ರಾತ್ರಿಗಳ ಜಾಗ ಮಾತ್ರ ಬ್ಯಾಕಪ್ಪಿನ ಪಟ್ಟಿಯಲ್ಲಿ ಖಾಲಿಯಾಗಿಯೇ ಇದೆ. ಅವುಗಳ ಎದುರಿಗೆ ನೋಟ್‌ಬುಕ್ಕಿನಲ್ಲಿ ಕಾರಣವನ್ನು ಬರೆದು ಸಹಿ ಹಾಕಿದ್ದೇನೆ.