ತೋಟಕ್ಕೆ ಮದ್ದು ಬಿಡುವುದು, ನಾನು ಮದ್ದು ಬಿಡುವುದು

ನಮ್ಮ ಕಾಸರಗೋಡಿನ ಬದಿಯಡ್ಕ ಕಡೆ ‘ಮದ್ದು ಬಿಡುವುದು’ ಎಂದರೆ ಅಡಿಕೆಗೆ ಕೊಳೆರೋಗ ಬಾರದ ಹಾಗೆ ಮೈಲುತುತ್ತು ಸುಣ್ಣ ಹೊಡೆಯುವುದು. ಕಳೆದ ವರ್ಷ ಮಳೆ ಹಿಡಿಯುವ ಮೊದಲು ಆಚೆ ಮನೆಯ ಅಣ್ಣ ಬೇಲಿ ಹತ್ತಿರ ನಿಂತು ‘ಮದ್ದು ಬಿಟ್ಟಾಯ್ತಾ?’ ಎಂದು ಕೂಗಿದರು. ನನ್ನ ಎದೆ ಧಸಕ್ಕೆಂದಿತು. ಇವರಿಗೆ ಹೇಗಪ್ಪಾ ಗೊತ್ತಾಯ್ತು ಅಂತ. ಮತ್ತೆ ಅವರ ಭುಜದ ಮೇಲಿನ ಪೈಪು ಕಂಡಿತು. ‘ಅರ್ಧ ಆಯ್ತು’ ಎಂದೆ. ಎರಡೂ ಲೆಕ್ಕದಲ್ಲಿ ಅದು ನಿಜವೇ ಆಗಿತ್ತು.

ನಾನು ಬಿಡುತ್ತಿದ್ದ ಮದ್ದು ಎಸಿಟಲೋಪ್ರಾಮ್ ಎಂಬ ಖಿನ್ನತೆಯ ಮಾತ್ರೆ. ಶುರು ಮಾಡಿದ್ದು 2018ರಲ್ಲಿ. ಅಪ್ಪ ಹೋದ ಮೇಲೆ ಆರು ತಿಂಗಳು ನಿದ್ದೆ ಇಲ್ಲ, ಊಟ ಬೇಡ, ತೋಟಕ್ಕೆ ಇಳಿದರೆ ಸುಮ್ನೆ ಒಂದು ಕಡೆ ಕೂತುಬಿಡುವುದು. ಮಂಗಳೂರಿನ ಡಾಕ್ಟ್ರು ಮೇಡಂ ದಿನಕ್ಕೆ 10 ಮಿಲಿಗ್ರಾಂ ಬರೆದರು. ಅದು ನನ್ನನ್ನು ಎಬ್ಬಿಸಿತು, ಅದರಲ್ಲಿ ಸಂಶಯ ಇಲ್ಲ. ಮನೆಯಲ್ಲಿ ಮಾತ್ರ ಅದಕ್ಕೆ ಹೆಸರೇ ಇರಲಿಲ್ಲ. ಅಮ್ಮ ಕೇಳಿದರೆ ‘ನರದ ಮಾತ್ರೆ’, ನೆಂಟರು ಕೇಳಿದರೆ ‘ಗ್ಯಾಸ್ಟ್ರಿಕ್ಕಿಗೆ’.

ಮೊದಲ ಸಲ ಬಿಟ್ಟದ್ದು ನಾನಾಗಿ ಅಲ್ಲ. 2020ರ ಮಾರ್ಚ್ ಕೊನೆಗೆ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದ್ದು ನೆನಪಿದೆಯಲ್ವಾ? ಒಳದಾರಿಗಳಿಗೂ ಮಣ್ಣು ಸುರಿದಿದ್ದರು, ಆಂಬ್ಯುಲೆನ್ಸಿಗೂ ದಾರಿ ಇರಲಿಲ್ಲ. ನನ್ನ ಡಾಕ್ಟ್ರು ಆಚೆ, ನಾನು ಈಚೆ, ಸ್ಟ್ರಿಪ್ಪಿನಲ್ಲಿ ಉಳಿದದ್ದು ನಾಲ್ಕು ಮಾತ್ರೆ. ಹಾಗಂತ ಮಾತ್ರೆ ಸಿಗುತ್ತಲೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ವಾರ್ಡಿನ ಹುಡುಗರು ಮನೆಮನೆಗೆ ಮದ್ದು ತಂದುಕೊಡುತ್ತಿದ್ದರು. ಚೀಟಿಯ ಫೋಟೋ ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಸಾಕಿತ್ತು. ಅಲ್ಲೇ ನಾನು ಸಿಕ್ಕಿಹಾಕಿಕೊಂಡದ್ದು. ಆ ಚೀಟಿಯ ತಲೆಯ ಮೇಲೆ ಮನೋರೋಗ ತಜ್ಞರು ಎಂದು ದೊಡ್ಡದಾಗಿ ಅಚ್ಚಾಗಿದೆ. ಗ್ರೂಪಿನಲ್ಲಿ ಅರ್ಧ ಊರು ಇದೆ. ನಾನು ಫೋಟೋ ಹಾಕಲಿಲ್ಲ.

ಮಾತ್ರೆ ಮುಗಿದ ಮೂರನೇ ದಿನ ಶುರುವಾಯಿತು. ಕಣ್ಣು ಆಚೀಚೆ ತಿರುಗಿಸಿದರೆ ತಲೆಯೊಳಗೆ ಟಿಕ್ ಅಂತ ಕರೆಂಟು. ಕಾಡುಹಂದಿಗೆ ಹಾಕಿದ ಸೋಲಾರ್ ಬೇಲಿ ಮುಟ್ಟಿದ ಹಾಗೆ, ಆದರೆ ನೋವಿಲ್ಲ, ಒಂದು ಕ್ಷಣ ಲೋಕವೇ ಜಾರಿದ ಹಾಗೆ. ಮತ್ತೆ ತಲೆತಿರುಗು, ವಾಕರಿಕೆ, ವಿಚಿತ್ರ ಕನಸು, ರೇಡಿಯೋದಲ್ಲಿ ಭತ್ತದ ಬೆಲೆ ಕೇಳಿದರೂ ಅಳು. ಕೊರೊನಾವೇ ಇರಬೇಕು ಎಂದು ಎರಡು ದಿನ ಹೆದರಿ ಕೂತೆ. ಹತ್ತನೇ ದಿನ ಹೆಂಡತಿಯೇ ಮೇಡಂಗೆ ಫೋನ್ ಮಾಡಿದಳು. ‘ಇದು ಕಾಯಿಲೆ ಅಲ್ಲ, ಮಾತ್ರೆ ಒಮ್ಮೆಲೇ ನಿಂತದ್ದಕ್ಕೆ’ ಎಂದರು. ಮಾತ್ರೆ ಮತ್ತೆ ಶುರು ಮಾಡಿದ ಮೇಲೆ ಮೂರೇ ದಿನಕ್ಕೆ ಕರೆಂಟು ಹೋಯಿತು. ನಮ್ಮಲ್ಲಿ ಕರೆಂಟು ಹೋದದ್ದಕ್ಕೆ ಯಾರಾದರೂ ಖುಷಿಪಟ್ಟಿದ್ದರೆ ಅದು ನಾನೊಬ್ಬನೇ ಇರಬೇಕು.

ಆಮೇಲೆ ಮೂರು ಮುಕ್ಕಾಲು ವರ್ಷ ಬಿಡುವ ಮಾತೇ ಎತ್ತಲಿಲ್ಲ. 2024ರ ಜನವರಿಯಲ್ಲಿ ಮೇಡಂ ಹತ್ತಿರ ಕೇಳಿದೆ. ಅಡಿಕೆ ಕೊಯ್ಲು ಸರಿಯಾಗಿ ನಡೆದಿತ್ತು, ನಿದ್ದೆ ಇತ್ತು, ನಗು ಇತ್ತು. ‘ಬಿಡಬಹುದು. ಆದರೆ ಅವಸರ ಇಲ್ಲ’ ಎಂದರು. 10ರಿಂದ ಏಳೂವರೆ, ಎರಡು ತಿಂಗಳ ಮೇಲೆ 5. ಇಷ್ಟು ಇಳಿದದ್ದು ಗೊತ್ತೇ ಆಗಲಿಲ್ಲ. ಒಂದೆರಡು ದಿನ ತಲೆ ಹಗುರ ಆದ ಹಾಗೆ, ಅಷ್ಟೆ.

ಅಲ್ಲಿ ನನಗೆ ಕೊಬ್ಬು ಬಂತು. ಅರ್ಧ ದಾರಿ ಇಷ್ಟು ಸುಲಭ ಅಂದರೆ ಉಳಿದರ್ಧ ಏನು ಮಹಾ? ಮೇಡಂಗೆ ಹೇಳದೆ ಒಂದು ದಿನ ಬಿಟ್ಟು ಒಂದು ದಿನ 5 ಮಿಲಿಗ್ರಾಂ ತೆಗೆದುಕೊಳ್ಳಲು ಹೊರಟೆ. ತುಂಬಾ ಜನ ಹೀಗೆ ಮಾಡುತ್ತಾರೆ, ಲೆಕ್ಕದಲ್ಲಿ ಎರಡೂವರೆ ಆಯಿತಲ್ಲ ಅಂತ. ಆಗುವುದಿಲ್ಲ. ಈ ಮಾತ್ರೆ ಸುಮಾರು 30 ಗಂಟೆಗೆ ಮೈಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಒಂದು ದಿನ ಬಿಟ್ಟರೆ ಅದು ಇಳಿಯುವುದಲ್ಲ, ಹಾರಿ ಬೀಳುವುದು, ಮಾರನೇ ದಿನ ಮತ್ತೆ ಹತ್ತುವುದು. ಹದಿನೈದು ದಿನ ತಲೆಯೊಳಗೆ ಸೋಲಾರ್ ಬೇಲಿ. ಸ್ಕೂಟರಿನಲ್ಲಿ ನೀರ್ಚಾಲಿನ ಕಡೆ ಹೋಗುವಾಗ ಬಲಕ್ಕೆ ನೋಡಿದೆ, ಟಿಕ್. ಗಾಡಿ ಬದಿಗೆ ನಿಲ್ಲಿಸಿ ಹತ್ತು ನಿಮಿಷ ಮೈಲುಕಲ್ಲಿನ ಮೇಲೆ ಕೂತಿದ್ದೆ. ಮನೆಗೆ ಬಂದು ಮಗನಿಗೆ ಬೈದೆ, ಯಾತಕ್ಕೆ ಅಂತ ಈಗಲೂ ನೆನಪಿಲ್ಲ.

ಮೇಡಂ ಜೋರು ಮಾಡಲಿಲ್ಲ. ದಿನಾ 5ಕ್ಕೆ ವಾಪಸ್ ಕಳಿಸಿ, ಒಂದು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಮಾರ್ಕ್ ಹೊರೊವಿಟ್ಜ್ ಮತ್ತು ಡೇವಿಡ್ ಟೇಲರ್ ಎಂಬ ಇಬ್ಬರು ಡಾಕ್ಟರರು 2019ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ವಿಷಯವಂತೆ. ಹೊರೊವಿಟ್ಜ್ ಸ್ವತಃ ಈ ಮಾತ್ರೆ ಬಿಡಲು ಹೋಗಿ ಒದ್ದಾಡಿದವರು. ನನ್ನ ಮಾತ್ರೆಯ ಅಣ್ಣನಂಥದ್ದು ಸಿಟಲೋಪ್ರಾಮ್. ಅದರ ಲೆಕ್ಕ ಹೀಗೆ: 60 ಮಿಲಿಗ್ರಾಂ ತೆಗೆದುಕೊಂಡರೆ ಮಿದುಳಿನಲ್ಲಿ ಅದು ಹಿಡಿಯುವ ಜಾಗಗಳಲ್ಲಿ ಶೇಕಡ 88ರಷ್ಟು ತುಂಬುತ್ತದೆ. 20ಕ್ಕೆ ಇಳಿಸಿದರೂ ಶೇಕಡ 80 ತುಂಬಿಯೇ ಇರುತ್ತದೆ. 9ಕ್ಕೆ ಬಂದರೂ 70. ಅಂದರೆ 60ರಿಂದ 9ರವರೆಗೆ ಇಳಿದದ್ದು ಹೆಚ್ಚೇನಲ್ಲ, 9ರಿಂದ ಸೊನ್ನೆಗೆ ಹೋಗುವಾಗ ಆ 70 ಪೂರ್ತಿ ಖಾಲಿಯಾಗಬೇಕು.

ನಮ್ಮ ಗುಡ್ಡೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೇಲೆ ಕೆಂಪುಕಲ್ಲಿನ ಪಾದೆ, ಮೈಲಿಗಟ್ಟಲೆ ನಡೆದರೂ ಇಳಿದ ಹಾಗಾಗುವುದಿಲ್ಲ. ತೋಟಕ್ಕೆ ಹೋಗುವ ಕೊನೆಯ ನೂರು ಹೆಜ್ಜೆಯೇ ಕಡಿದು. ಮಳೆಗಾಲದಲ್ಲಿ ಪಾಚಿ ಬೇರೆ. ಅಲ್ಲಿ ಓಡುವವರು ಬುದ್ಧಿ ಇಲ್ಲದವರು, ಅಲ್ವಾ? ನಾನು ಓಡಿದ್ದೆ.

ಈಗ ತೊಂದರೆ ಏನೆಂದರೆ ಅಷ್ಟು ಸಣ್ಣ ತುಂಡು ಮಾಡುವುದು ಹೇಗೆ. 5ರ ಮಾತ್ರೆಯೇ ತೊಗರಿಬೇಳೆಯಷ್ಟು. ಹೆಂಡತಿ ಮೊದಲು ಅಡಕತ್ತರಿ ತಂದಳು. ಮೂರು ತಲೆಮಾರಿನ ಅಡಕತ್ತರಿ, ಅಜ್ಜನ ಕಾಲದ ಅಡಿಕೆ ಹೋಳು ಮಾಡಿದ್ದು, ಅದರ ಎದುರು ಮಾತ್ರೆ ನಿಲ್ಲಲೇ ಇಲ್ಲ. ಒಂದು ಹೋಳು ಜಗಲಿ ದಾಟಿ ಕೋಳಿಗಳ ಹತ್ತಿರ ಬಿತ್ತು. (ಕೋಳಿಗೆ ಏನೂ ಆಗಲಿಲ್ಲ. ನೋಡಲು ಸ್ವಲ್ಪ ಸಮಾಧಾನದಲ್ಲಿತ್ತು ಅಂತ ಮಗ ಹೇಳುತ್ತಾನೆ.) ಮತ್ತೆ ಮೆಡಿಕಲ್ ಶಾಪಿನಲ್ಲಿ ಮಾತ್ರೆ ಕತ್ತರಿಸುವ ಸಣ್ಣ ಡಬ್ಬಿ ಸಿಕ್ಕಿತು. ಅರ್ಧ ಮತ್ತು ಕಾಲು ಸೇರಿಸಿದರೆ ಸುಮಾರು ಮೂರು ಮುಕ್ಕಾಲು. ಮೂರು ತಿಂಗಳು ಅಷ್ಟರಲ್ಲೇ ನಿಂತೆ. ಆಮೇಲೆ ಬರೀ ಅರ್ಧ, ಎರಡೂವರೆ. ಎಲ್ಲ ಮಾತ್ರೆಯನ್ನೂ ಹೀಗೆ ತುಂಡು ಮಾಡಲಾಗದು. ಒಳಗೆ ನಿಧಾನವಾಗಿ ಕರಗುವಂತೆ ಮಾಡಿದವನ್ನು ಕತ್ತರಿಸಲೇಬಾರದು. ನನ್ನ ಅಂಕಿಯನ್ನು ಯಾರೂ ತಮ್ಮ ಮಾತ್ರೆಗೆ ಹಚ್ಚಬೇಡಿ. ಖಿನ್ನತೆಯ ಬೇರೆ ಮಾತ್ರೆಗಳಲ್ಲಿ ಫ್ಲುಯೊಕ್ಸೆಟಿನ್ ಮೈಯಿಂದ ವಾರಗಟ್ಟಲೆ ನಿಧಾನವಾಗಿ ಹೋಗುತ್ತದೆ, ವೆನ್ಲಾಫ್ಯಾಕ್ಸಿನ್ ಗಂಟೆಗಳಲ್ಲಿ ಇಳಿಯುತ್ತದೆ. ಒಬ್ಬರ ದಾರಿ ಇನ್ನೊಬ್ಬರದ್ದಲ್ಲ, ಬರೆದುಕೊಟ್ಟ ಡಾಕ್ಟರ ಹತ್ತಿರವೇ ಕೇಳಬೇಕು.

ಎಲ್ಲಕ್ಕಿಂತ ಜಾಸ್ತಿ ಕಾಡುವ ಪ್ರಶ್ನೆ ಒಂದೇ. ಬೇಸರ ಬಂದ ದಿನ, ಇದು ಮಾತ್ರೆ ಹೋಗುವ ಬೇಸರವೋ, ಹಳೆಯ ಕಾಯಿಲೆ ಬರುವ ಬೇಸರವೋ? ಮೇಡಂ ಹೇಳಿದ ಗುರುತು ಇಷ್ಟು: ಇಳಿಸಿದ ಕೆಲವೇ ದಿನಕ್ಕೆ ಬಂದು, ಜೊತೆಗೆ ತಲೆತಿರುಗು, ಕರೆಂಟು ಇದ್ದರೆ ಸಾಮಾನ್ಯವಾಗಿ ಮಾತ್ರೆಯದ್ದು. ವಾರ, ತಿಂಗಳು ಕಳೆದು ಮೆಲ್ಲಗೆ ಕವಿದರೆ ಕಾಯಿಲೆಯ ಬಗ್ಗೆ ಯೋಚಿಸಬೇಕು. ಹಾಗಾಗಿ ಬರೆದಿಡಲು ಶುರು ಮಾಡಿದೆ. ಬೇರೆ ಪುಸ್ತಕ ಯಾಕೆ, ಅಪ್ಪನ ಕಾಲದಿಂದ ಮಳೆ ಅಳೆದು ಬರೆಯುವ ಡೈರಿ ಇದೆಯಲ್ಲ. ಈಗ ಅದರಲ್ಲಿ ಹೀಗಿದೆ: ‘ಮಳೆ 62 ಮಿ.ಮೀ. ಮಾತ್ರೆ ಮುಕ್ಕಾಲು. ಕರೆಂಟು 3 ಸಲ. ನಿದ್ದೆ ಪರವಾಗಿಲ್ಲ.’ ತಿರುವಿ ನೋಡಿದರೆ ಗೊತ್ತಾಗುತ್ತದೆ, ಪ್ರತಿ ಸಲ ಇಳಿಸಿದಾಗಲೂ ಎರಡನೇ ವಾರ ಕೆಟ್ಟದು, ನಾಲ್ಕನೇ ವಾರಕ್ಕೆ ಡೈರಿಯಲ್ಲಿ ಬರೀ ಮಳೆ.

ಇಂಟರ್ನೆಟ್ಟಿನಲ್ಲಿ ಓದಬಾರದ್ದನ್ನೂ ಓದಿದೆ. ಇಂಗ್ಲೆಂಡಿನಲ್ಲಿ 478 ಜನರನ್ನು ಒಂದು ವರ್ಷ ನೋಡಿದ ಅಧ್ಯಯನ, 2021ರಲ್ಲಿ ಬಂದದ್ದು. ಎಲ್ಲರೂ ಬಹುಕಾಲ ಮಾತ್ರೆ ತಿಂದು ಚೆನ್ನಾಗಿದ್ದವರು. ಮಾತ್ರೆ ಬಿಟ್ಟವರಲ್ಲಿ ಶೇಕಡ 56 ಜನರಿಗೆ ಕಾಯಿಲೆ ಮರಳಿತು, ಮುಂದುವರಿಸಿದವರಲ್ಲೂ 39. ಎರಡು ದಿನ ನನ್ನ ಮುಖ ಸಪ್ಪೆ. ಹೆಂಡತಿ ಕೇಳಿ, ‘ಹಾಗಾದ್ರೆ ಬಿಟ್ಟವರಲ್ಲಿ ನೂರಕ್ಕೆ 44 ಜನ ಸರಿ ಇದ್ದಾರಲ್ಲ ಮಾರಾಯ್ರೇ. ಆಗದಿದ್ರೆ ಮತ್ತೆ ತಿನ್ನುದು, ಮಾತ್ರೆ ಎಲ್ಲಿಗೂ ಓಡಿಹೋಗುದಿಲ್ಲ’ ಎಂದಳು. ಕ್ಯಾಲೆಂಡರಿನ ಮೇಲೆ ಕೆಂಪು ಪೆನ್ನಿನಲ್ಲಿ 14416 ಅಂತ ಬರೆದವಳೂ ಅವಳೇ. ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ, ಹಗಲು ರಾತ್ರಿ ಇದೆ, ದುಡ್ಡಿಲ್ಲ. ಸಾಯುವ ಯೋಚನೆ ಏನಾದರೂ ಇಣುಕಿದರೆ ಡೈರಿ ಬರೆಯುತ್ತಾ ಕೂರಬೇಡಿ, ತಕ್ಷಣ ಫೋನ್ ಮಾಡಿ ಎಂದು ಮೇಡಂ ಅವಳಿಗೆ ಬೇರೆಯಾಗಿ ಹೇಳಿದ್ದರಂತೆ.

ಈ ವರ್ಷ ಜುಲೈಯಲ್ಲಿ ಎರಡೂವರೆಯಿಂದ ಕಾಲು ಮಾತ್ರೆಗೆ ಇಳಿಸಬೇಕಿತ್ತು. ನಾನೇ ಬೇಡ ಎಂದೆ. ಆಟಿ ತಿಂಗಳು, ತುಳುನಾಡಿನ ಜಡಿಮಳೆಯ ಕಾಲ. ಬೆಳಿಗ್ಗೆ ಒಂಬತ್ತಕ್ಕೂ ಲೈಟು ಹಾಕಬೇಕು, ಬಟ್ಟೆ ಒಣಗುವುದಿಲ್ಲ, ಕೊಳೆತ ಕಾಯಿ ಉದುರುವ ಶಬ್ದ ರಾತ್ರಿ ಇಡೀ. ಮಾತ್ರೆ ತಿನ್ನದವರಿಗೂ ಮನಸ್ಸು ಮಂಕಾಗುವ ಕಾಲ ಅದು. ಮೇಡಂ ನಕ್ಕು, ‘ಸರಿ, ಬಿಸಿಲು ಬರಲಿ’ ಎಂದರು.

ಆಟಿ ಅಮಾವಾಸ್ಯೆಯ ಬೆಳಿಗ್ಗೆ ಅಮ್ಮ ವಾಡಿಕೆಯಂತೆ ಹಾಲೆಮರದ ಕೆತ್ತೆಯ (ತೊಗಟೆಯ) ಕಷಾಯ, ಮೆಂತೆ ಗಂಜಿ ಮಾಡಿದ್ದರು. ಚಿಕ್ಕಪ್ಪನ ಮನೆಯವರೂ ಬಂದಿದ್ದರು. ಎಲ್ಲರ ಕೈಯಲ್ಲೂ ಗ್ಲಾಸು, ಎಲ್ಲರ ಮುಖವೂ ಕಹಿ. ನನಗೆ ಕೊಡುವಾಗ ಅಮ್ಮ ತಡೆದು, ಎಲ್ಲರ ಎದುರೇ ಕೇಳಿದರು: ‘ನಿನ್ನ ಮನಸ್ಸಿನ ಮಾತ್ರೆ ಉಂಟಲ್ಲ, ಅದರ ಒಟ್ಟಿಗೆ ಇದು ಆಗ್ತದಾ? ಡಾಕ್ಟ್ರತ್ರ ಕೇಳಿದ್ಯಾ?’

ಜಗಲಿಯಲ್ಲಿ ಯಾರೂ ಮಾತಾಡಲಿಲ್ಲ. ಚಿಕ್ಕಪ್ಪ ನನ್ನ ಮುಖ ನೋಡಿದರು, ‘ಹ್ಞೂಂ, ಕೇಳದೆ ಕುಡಿಬೇಡ’ ಎಂದು ತಮ್ಮ ಗ್ಲಾಸು ಮುಗಿಸಿದರು.

ಕೇಳಿರಲಿಲ್ಲ. ಹಾಗಾಗಿ ನನಗೆ ಬರೀ ಮೆಂತೆ ಗಂಜಿ.