ಇನ್ಕಮ್ ಟ್ಯಾಕ್ಸ್ ಪೋರ್ಟಲ್‌ನಲ್ಲಿ ಯಾರ ನಂಬರ್ ಇದೆ ಅಂತ ಒಂದ್ಸಲ ನೋಡ್ಕೊಳಿ

ಕೆಲಸಕ್ಕೆ ಸೇರಿದಾಗಿಂದ ನನ್ನ ಇನ್ಕಮ್ ಟ್ಯಾಕ್ಸ್ ರಿಟರ್ನ್ ಹೇಗಿರತ್ತೆ ಅಂತ ನಾನು ನೋಡಿದ್ದೇ ಇರ್ಲಿಲ್ಲ. ಜುಲೈ ಬಂದ್ರೆ ಆಡಿಟರ್‌ಗೆ ಫಾರ್ಮ್ 16 (ಸಂಬಳ ಎಷ್ಟು, ಟ್ಯಾಕ್ಸ್ ಎಷ್ಟು ಹಿಡಿದ್ರು ಅಂತ ಕಂಪನಿ ಕೊಡೋ ಚೀಟಿ) ವಾಟ್ಸಾಪ್ ಮಾಡೋದು, ಸಾವಿರ ರೂಪಾಯಿ ಹಾಕೋದು, ಎರಡು ದಿನ ಬಿಟ್ಟು ಅವರ ಆಫೀಸಿಂದ ಒಬ್ಬ ಹುಡುಗಿ "ಸಾರ್ ಆಧಾರ್ ಒಟಿಪಿ ಬಂದಿರತ್ತೆ ಹೇಳಿ" ಅಂತ ಫೋನ್ ಮಾಡೋಳು, ಬಸ್ಸಲ್ಲಿ ನೇತಾಡ್ಕೊಂಡೇ ಹೇಳ್ಬಿಡ್ತಿದ್ದೆ, ಅಲ್ಲಿಗೆ ಮುಗೀತು.

2025ರ ಫೆಬ್ರವರಿಲಿ ಲೋನ್‌ಗೆ ಅಂತ ಬ್ಯಾಂಕಲ್ಲಿ ಮೂರು ವರ್ಷದ ರಿಟರ್ನ್ ಕೇಳಿದ್ರು. ಲಾಗಿನ್ ಆಗಿ ನೋಡ್ತೀನಿ, ಪ್ರೊಫೈಲಲ್ಲಿ ಇರೋ ಮೊಬೈಲೂ ಇಮೇಲೂ ಎರಡೂ ಆಡಿಟರ್‌ದು! ಡಿಪಾರ್ಟ್‌ಮೆಂಟ್‌ನವ್ರು "ಎಫ್‌ಡಿ ಬಡ್ಡಿ ನಿಮ್ಮ ರಿಟರ್ನಲ್ಲಿ ಇಲ್ಲವಲ್ಲ" ಅಂತ ಕಳ್ಸಿದ ಮೇಲ್ ಅವರ ಇನ್‌ಬಾಕ್ಸಲ್ಲಿ ತಿಂಗಳುಗಟ್ಲೆ ಬಿದ್ದಿತ್ತು. ರಿವೈಸ್ ಮಾಡೋಣ ಅಂದ್ರೆ ಆಗ ಕೊನೇ ದಿನವಾಗಿದ್ದ ಡಿಸೆಂಬರ್ 31 ದಾಟಿತ್ತು, ಐಟಿಆರ್-ಯು (ಗಡುವು ಮುಗಿದ ಮೇಲೆ ತಪ್ಪು ಸರಿಮಾಡೋ ರಿಟರ್ನ್) ಹಾಕಿ ಟ್ಯಾಕ್ಸು ಬಡ್ಡಿ ಎರಡರ ಮೇಲೂ 25 ಪರ್ಸೆಂಟ್ ಜಾಸ್ತಿ ಕಟ್ಟಿದ್ದಾಯ್ತು. ಬೈಯೋಣ ಅಂದ್ರೆ, ಎಫ್‌ಡಿ ಇದ್ಯಾ ಅಂತ ಅವರು ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ.

ಆ ವರ್ಷದಿಂದ ನಾನೇ ಹಾಕ್ತೀನಿ. ಮೊದಲು ಪೋರ್ಟಲ್‌ನಿಂದ ಎಐಎಸ್ ಅಂದ್ರೆ ನಮ್ಮ ಆದಾಯದ ಬಗ್ಗೆ ಡಿಪಾರ್ಟ್‌ಮೆಂಟ್ ಹತ್ರ ಇರೋ ವಿವರ ಡೌನ್‌ಲೋಡ್ ಮಾಡಿ (ಪಾಸ್‌ವರ್ಡ್ ಸಣ್ಣಕ್ಷರದಲ್ಲಿ ಪ್ಯಾನ್, ಪಕ್ಕದಲ್ಲೇ ಹುಟ್ಟಿದ ತಾರೀಖು), ಅದರಲ್ಲಿ ಸೇವಿಂಗ್ಸ್ ಖಾತೆ ಬಡ್ಡಿ, ಡಿವಿಡೆಂಡು ಎಲ್ಲಾ ಇರತ್ತೆ, ನನಗೇ ಮರೆತುಹೋಗಿದ್ದ ಹಳೇ ಖಾತೆ ಬಡ್ಡೀನೂ ಇತ್ತು. ಸಂಬಳದವರ ಸರಳ ಫಾರ್ಮ್ ಐಟಿಆರ್-1ರಲ್ಲಿ ಸಂಬಳ ಮುಂಚೇನೇ ತುಂಬಿರತ್ತೆ, ಫಾರ್ಮ್ 16 ಪಕ್ಕ ಇಟ್ಕೊಂಡು ತಾಳೆ ನೋಡಿದ್ರೆ ಸಾಕು. ಈಕ್ವಿಟಿ (ಷೇರಿನ) ಮ್ಯೂಚುವಲ್ ಫಂಡ್ ಮಾರಿದ ಲಾಂಗ್ ಟರ್ಮ್ ಲಾಭ 1.25 ಲಕ್ಷದೊಳಗಿದ್ರೆ ಅದೂ ಈಗ ಇದೇ ಫಾರ್ಮಲ್ಲಿ ಆಗತ್ತೆ. ಟ್ಯಾಕ್ಸ್ ಲೆಕ್ಕ ಹಾಕೋ ಎರಡು ಪದ್ಧತೀಲಿ ಹಳೇ ರೆಜೀಮಾ ಹೊಸದಾ ಅನ್ನೋದಕ್ಕೆ ಮಾತ್ರ ಒಂದು ಸಂಜೆ ಹೋಯ್ತು, ಹೊಸದರಲ್ಲಿ ಎಚ್‌ಆರ್‌ಎ (ಮನೆ ಬಾಡಿಗೆ ವಿನಾಯ್ತಿ) ಇಲ್ಲ ಆದ್ರೆ ಸಂಬಳದಿಂದ ನೇರವಾಗಿ ಕಳೆಯೋ ಸ್ಟ್ಯಾಂಡರ್ಡ್ ಡಿಡಕ್ಷನ್ 75,000, ನನ್ನ ಬಾಡಿಗೆಗೆ ಹೊಸದೇ ಲಾಭ ಬಂತು. ಹಾಕಿದ್ಮೇಲೆ 30 ದಿನದೊಳಗೆ ಇ-ವೆರಿಫೈ (ಹಾಕಿದ್ದು ನಾನೇ ಅಂತ ಆನ್‌ಲೈನಲ್ಲಿ ಖಚಿತ) ಮಾಡ್ಬೇಕು, ಇದನ್ನ ಮರೆತವರು ನಮ್ಮ ಆಫೀಸಲ್ಲೇ ಇಬ್ರಿದಾರೆ.

ಆದ್ರೆ ಪಕ್ಕದ ಸೀಟಿನವನಿಗೆ ನೀನೇ ಹಾಕು ಅಂತ ನಾನು ಹೇಳಲ್ಲ. ಅವನಿಗೆ ಅಮೆರಿಕಾದ ಕಂಪನಿ ಷೇರು ಕೊಟ್ಟಿದೆ, ಮಾರದೇ ಇದ್ರೂ ವಿದೇಶಿ ಆಸ್ತಿ ತೋರಿಸೋ ಶೆಡ್ಯೂಲ್ ಎಫ್‌ಎ ತುಂಬ್ಬೇಕು, ಅದೂ ಏಪ್ರಿಲ್-ಮಾರ್ಚ್ ಅಲ್ಲ ಜನವರಿ-ಡಿಸೆಂಬರ್ ಲೆಕ್ಕ. ಎಫ್ ಅಂಡ್ ಓ (ಷೇರು ಪೇಟೆಯ ಫ್ಯೂಚರ್ಸ್, ಆಪ್ಷನ್ಸ್) ಆಡೋರಿಗೆ ಸಾಮಾನ್ಯವಾಗಿ ಐಟಿಆರ್-3. ಇಂಥದ್ದಕ್ಕೆ ಒಳ್ಳೇ ಸಿಎ ಹತ್ರಾನೇ ಹೋಗಿ, ಫೀಸಲ್ಲಿ ಜುಗ್ಗತನ ಬೇಡ. "ರಿಫಂಡ್ ತರಿಸಿಕೊಡ್ತೀನಿ, ಬಂದಿದ್ರಲ್ಲಿ ಇಷ್ಟು ಪರ್ಸೆಂಟ್ ಕೊಡಿ" ಅನ್ನೋರ ಹತ್ರ ಮಾತ್ರ ಸುಳೀಬೇಡಿ, ಕೊಡದೇ ಇರೋ ಡೊನೇಷನ್ ತೋರಿಸಿರ್ತಾರೆ, ನೋಟಿಸ್ ಬರೋದು ನಿಮ್ಮ ಪ್ಯಾನ್‌ಗೆ.

ಅಪ್ಪನ ಪೆನ್ಷನ್ ರಿಟರ್ನ್ ಇನ್ನೂ ಹಾಸನದ ಆಡಿಟರೇ ಹಾಕ್ತಾರೆ, ಅಪ್ಪನಿಗೆ ಅಲ್ಲಿ ಕಾಫಿ ಕುಡ್ಕೊಂಡು ಹರಟೆ ಹೊಡೆಯೋದೇ ಮುಖ್ಯ. ಅಪ್ಪನ ಪ್ರೊಫೈಲಲ್ಲೂ ಆಡಿಟರ್ ನಂಬರೇ ಇರ್ಬೇಕು. ಬದಲಾಯಿಸೋಣ ಅಂತ ಮೂರು ದಿನದಿಂದ ಒಟಿಪಿಗೋಸ್ಕರ ಅಪ್ಪನಿಗೆ ಫೋನ್ ಮಾಡ್ತಿದೀನಿ, ಚಾರ್ಜಿಗೇ ಹಾಕಿಲ್ಲ ಅನ್ಸತ್ತೆ, ಸ್ವಿಚ್ಡ್ ಆಫ್.