ಮೊಬೈಲ್ ಬಂದವರಿಗೆ ಕಂಪ್ಯೂಟರ್ ಬರುತ್ತದೆಯೇ?

ಪದವಿ ತರಗತಿಗೆ ಸೇರುವ ನಮ್ಮ ವಿದ್ಯಾರ್ಥಿಗಳಲ್ಲಿ ಸ್ಮಾರ್ಟ್‌ಫೋನ್ ಇಲ್ಲದವರು ಈಗ ವಿರಳ. ರೀಲ್ಸ್ ಎಡಿಟ್ ಮಾಡುವುದನ್ನೂ ಯುಪಿಐನಲ್ಲಿ ಹಣ ಕಳಿಸುವುದನ್ನೂ ಅವರು ಅಧ್ಯಾಪಕರಿಗೇ ಹೇಳಿಕೊಡಬಲ್ಲರು. ಇಂಥವರಿಗೆ ಕಂಪ್ಯೂಟರನ್ನು ಬೇರೆಯಾಗಿ ಕಲಿಸುವ ಅಗತ್ಯವೇನಿದೆ ಎಂಬ ಮಾತು ಪೋಷಕರಿಂದಲೂ ಕೆಲವೊಮ್ಮೆ ಸಹೋದ್ಯೋಗಿಗಳಿಂದಲೂ ಕೇಳಿಬರುತ್ತದೆ. ತಾಲ್ಲೂಕು ಕೇಂದ್ರವೊಂದರ ಕಾಲೇಜಿನಲ್ಲಿ ಪಾಠ ಮಾಡುವ ನಾನು ಈ ಮಾತನ್ನು ಒಪ್ಪಲಾರೆ. ಮೊಬೈಲ್ ಬಳಸಲು ಬರುವುದು ಬೇರೆ, ತನ್ನ ಕೆಲಸವನ್ನು ತಾನೇ ಕಂಪ್ಯೂಟರಿನಲ್ಲಿ ಮಾಡಿಕೊಳ್ಳಲು ಬರುವುದು ಬೇರೆ.

ಲ್ಯಾಬಿನಲ್ಲಿ ಒಂದು ಪುಟ ಟೈಪ್ ಮಾಡಿ ಸೇವ್ ಮಾಡಲು ಹೇಳಿದಾಗ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಮರುದಿನ ಬಂದವರು ಅದೇ ಕಡತವನ್ನು ತೆರೆಯಲಾಗದೆ, "ಸರ್, ನಿನ್ನೆ ಮಾಡಿದ್ದು ಎಲ್ಲಿ ಹೋಯ್ತು?" ಎಂದು ಕೇಳುತ್ತಾರೆ. ಫೋನಿನಲ್ಲಿ ತೆಗೆದ ಫೋಟೊ ತಾನಾಗಿಯೇ ಗ್ಯಾಲರಿಗೆ ಹೋಗಿ ಕೂರುವುದರಿಂದ, ಕಡತಕ್ಕೊಂದು ಹೆಸರು ಮತ್ತು ಜಾಗ ಇರುತ್ತದೆ, ಅದನ್ನು ಇಡುವವರೇ ತೀರ್ಮಾನಿಸಬೇಕು ಎಂಬುದನ್ನು ಯೋಚಿಸುವ ಸಂದರ್ಭವೇ ಅವರಿಗೆ ಬಂದಿರುವುದಿಲ್ಲ. ಎಕ್ಸೆಲ್‌ನಲ್ಲಿ ಆರು ವಿಷಯಗಳ ಅಂಕಗಳನ್ನು ಕೂಡಿಸಲು ಹೇಳಿದರೆ, ಫೋನಿನ ಕ್ಯಾಲ್ಕ್ಯುಲೇಟರ್ ತೆಗೆದು ಮೊತ್ತ ಕಂಡುಕೊಂಡು, ಅದನ್ನು ಕೊನೆಯ ಚೌಕದಲ್ಲಿ ಟೈಪ್ ಮಾಡುವವರು ಅನೇಕರಿದ್ದಾರೆ. ಆ ಚೌಕದಲ್ಲಿ ಸೂತ್ರ ಬರೆದು ಕೆಳಕ್ಕೆ ಎಳೆದಾಗ ಇಡೀ ತರಗತಿಯ ಮೊತ್ತ ಒಮ್ಮೆಗೇ ಮೂಡುತ್ತದೆ. ಒಂದು ಅಂಕ ತಿದ್ದಿದರೆ ಮೊತ್ತವೂ ತಾನಾಗಿ ಬದಲಾಗುತ್ತದೆ. ಅದನ್ನು ಮೊದಲ ಸಲ ನೋಡುವ ಮಕ್ಕಳ ಮುಖದಲ್ಲಿ ಕಾಣುವ ಬೆರಗು ನನಗೆ ಬಹಳ ಮುಖ್ಯ. ಯಂತ್ರವು ತೋರಿಸಿದ್ದನ್ನು ನೋಡುತ್ತಿದ್ದವರು ಯಂತ್ರಕ್ಕೆ ಕೆಲಸ ಹೇಳುವವರಾಗುವುದು ಅಲ್ಲಿಂದಲೇ.

ಈ ತಿಳಿವಳಿಕೆ ಇಲ್ಲದಿರುವುದರ ಬೆಲೆ ಲ್ಯಾಬಿನ ಹೊರಗೆ ಗೊತ್ತಾಗುತ್ತದೆ. ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯ ಆಪ್ಷನ್ ಎಂಟ್ರಿಯನ್ನೇ ನೋಡಿ. ವಿದ್ಯಾರ್ಥಿಯು ಕಾಲೇಜು ಮತ್ತು ಕೋರ್ಸುಗಳನ್ನು ತನಗೆ ಬೇಕಾದ ಕ್ರಮದಲ್ಲಿ ಜೋಡಿಸಬೇಕು. ರ್‍ಯಾಂಕಿನ ಸರದಿ ಬಂದಾಗ ಆ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಹೋಗಿ, ಮೊದಲು ಲಭ್ಯವಾಗುವ ಸೀಟನ್ನು ಹಂಚಲಾಗುತ್ತದೆ. ಎಂದರೆ, ತೀರಾ ಬೇಕಾದ ಕಾಲೇಜನ್ನು ಮೂವತ್ತನೆಯ ಸ್ಥಾನದಲ್ಲಿಟ್ಟು ಅಷ್ಟೇನೂ ಇಷ್ಟವಿಲ್ಲದ್ದನ್ನು ಮೇಲಿಟ್ಟರೆ, ರ್‍ಯಾಂಕ್ ಚೆನ್ನಾಗಿದ್ದರೂ ಬೇಕಾದದ್ದು ಕೈತಪ್ಪಬಹುದು. ನಿಜವಾದ ಹಂಚಿಕೆಗೆ ಮೊದಲು ಪ್ರಾಯೋಗಿಕವಾಗಿ ನಡೆಯುವ ಅಣಕು ಹಂಚಿಕೆಯ ಫಲಿತಾಂಶ ನೋಡಿದ ಮೇಲೆ ಪಟ್ಟಿಯನ್ನು ಬದಲಿಸಿಕೊಳ್ಳಲು ಅವಕಾಶವಿರುತ್ತದೆ. ಮನೆಯಲ್ಲಿ ಕುಳಿತು, ಹಿರಿಯರೊಡನೆ ಮಾತಾಡಿ, ಎರಡು ಮೂರು ಸಲ ತಿದ್ದಿ ಮಾಡಬೇಕಾದ ಈ ಕೆಲಸವನ್ನು ಎಷ್ಟೋ ಮಕ್ಕಳು ಸೈಬರ್ ಅಂಗಡಿಯಲ್ಲಿ, ಹಿಂದೆ ನಿಂತವರ ಅವಸರದ ನಡುವೆ, ಬೇರೆಯವರ ಕೈಯಿಂದ ಮುಗಿಸಿಕೊಂಡು ಬರುತ್ತಾರೆ. ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನ ಮಾತೂ ಹೀಗೆಯೇ. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ಗುರುತಿಸುವ ಆರ್‌ಡಿ ಸಂಖ್ಯೆ ಎಲ್ಲಿರುತ್ತದೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂಬುದು ಅರ್ಜಿದಾರರಿಗೇ ಗೊತ್ತಿರಬೇಕಾದ ಸಂಗತಿ. ಅರ್ಜಿಯಲ್ಲಿ ಬೇರೆಯವರ ಮೊಬೈಲ್ ಸಂಖ್ಯೆ ಕೊಟ್ಟುಬಿಟ್ಟರೆ ಒಟಿಪಿ ಅವರಿಗೇ ಹೋಗುತ್ತದೆ. ಮುಂದಿನ ವರ್ಷ ಪಾಸ್‌ವರ್ಡ್ ಮರೆತಾಗ ಅವರನ್ನೇ ಹುಡುಕಿಕೊಂಡು ಹೋಗಬೇಕಾಗುತ್ತದೆ. ಅಂಗಡಿಯವರನ್ನು ದೂರುವುದು ನನ್ನ ಉದ್ದೇಶವಲ್ಲ. ಅವರಿಲ್ಲದಿದ್ದರೆ ಎಷ್ಟೋ ಮನೆಗಳ ಅರ್ಜಿಗಳೇ ಸಲ್ಲಿಕೆಯಾಗುತ್ತಿರಲಿಲ್ಲ. ಆದರೆ ಹದಿನೆಂಟು ತುಂಬಿದ ವಿದ್ಯಾರ್ಥಿ ತನ್ನ ಭವಿಷ್ಯದ ಅರ್ಜಿಯನ್ನು ತಾನೇ ಓದಿ ತುಂಬುವಂತಾಗಬೇಕೆಂಬುದು ದೊಡ್ಡ ಆಸೆಯೇನಲ್ಲ. ಜೆಇಇ ಮೇನ್‌ನಂತಹ ಪರೀಕ್ಷೆಯನ್ನೂ ಬ್ಯಾಂಕ್ ನೇಮಕಾತಿಯ ಪರೀಕ್ಷೆಗಳನ್ನೂ ಕಂಪ್ಯೂಟರಿನ ಮುಂದೆಯೇ ಕುಳಿತು ಬರೆಯಬೇಕಾಗಿರುವ ಕಾಲದಲ್ಲಿ, ಮೌಸ್ ಹಿಡಿದು ರೂಢಿಯಿಲ್ಲದವರು ಪ್ರಶ್ನೆಯ ಜೊತೆಗೆ ಯಂತ್ರದೊಡನೆಯೂ ಹೆಣಗಬೇಕಾಗುತ್ತದೆ.

ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನ ಪ್ರಕಾರ, 2017-18ರಲ್ಲಿ ದೇಶದ ಗ್ರಾಮೀಣ ಕುಟುಂಬಗಳಲ್ಲಿ ಕಂಪ್ಯೂಟರ್ ಇದ್ದದ್ದು ಶೇ. 4ರಷ್ಟರಲ್ಲಿ ಮಾತ್ರ, ನಗರಗಳಲ್ಲಿ ಶೇ. 23ರಷ್ಟು. ಮನೆಯಲ್ಲಿ ಇಲ್ಲದ್ದನ್ನು ಶಾಲೆ ಕೊಡದಿದ್ದರೆ ಹಳ್ಳಿಯ ಮಗುವಿಗೆ ಅದು ಇನ್ನೆಲ್ಲಿ ಸಿಗಬೇಕು? ನಮ್ಮ ರಾಜ್ಯದಲ್ಲಿ ಮಾಹಿತಿ ಸಿಂಧು ಯೋಜನೆಯ ಕಾಲದಿಂದ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ತಲುಪಿಸುವ ಪ್ರಯತ್ನಗಳು ನಡೆದಿವೆ. ಯಂತ್ರ ಬಂದ ಮೇಲೆ ಅದನ್ನು ದುರಸ್ತಿ ಮಾಡುವವರು, ಕಲಿಸುವವರು, ಕೈಕೊಡದ ವಿದ್ಯುತ್ತು ಮತ್ತು ವೇಳಾಪಟ್ಟಿಯಲ್ಲೊಂದು ಪೀರಿಯಡ್, ಈ ನಾಲ್ಕೂ ಕೂಡಿಬಂದ ಕಡೆ ಮಾತ್ರ ಮಕ್ಕಳು ಕಲಿಯುತ್ತಾರೆ.

ಕನ್ನಡ ಟೈಪಿಂಗನ್ನು ಕಂಪ್ಯೂಟರ್ ಸಾಕ್ಷರತೆಯ ಅಂಚಿನ ವಿಷಯವೆಂದು ನಾನು ಎಣಿಸುವುದಿಲ್ಲ. ಕೆ. ಪಿ. ರಾವ್ ಅವರು ಮೊದಲು ರೂಪಿಸಿದ, ಮುಂದೆ ನುಡಿ ತಂತ್ರಾಂಶದ ಮೂಲಕ ಮನೆಮಾತಾದ ಕೀಲಿಮಣೆ ವಿನ್ಯಾಸದ ತರ್ಕ ಬಹಳ ಸರಳ. ಹೆಚ್ಚಿನ ವ್ಯಂಜನಗಳಿಗೆ ಅವುಗಳ ಧ್ವನಿಯ ಇಂಗ್ಲಿಷ್ ಕೀಲಿ ಒತ್ತಿದರೆ ಸಾಕು, ಅಕಾರ ಅದರಲ್ಲೇ ಸೇರಿರುತ್ತದೆ. ಒತ್ತಕ್ಷರ ಬೇಕಾದಲ್ಲಿ ನಡುವೆ ಎಫ್ ಕೀಲಿ. ಎ, ಎಂ, ಎಫ್, ಎಂ ಎಂದು ಒತ್ತಿದಾಗ ಪರದೆಯ ಮೇಲೆ 'ಅಮ್ಮ' ಬರುತ್ತದೆ. ಕನ್ನಡ ವರ್ಣಮಾಲೆ ಬಲ್ಲ ಯಾವ ವಿದ್ಯಾರ್ಥಿಯೂ ಸ್ವಲ್ಪ ಅಭ್ಯಾಸದಿಂದ ಇದನ್ನು ಕಲಿಯಬಹುದು. ಬರೆಯುವುದು ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆಗಿರುವ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿರಲಿ ಎಂದು ಮಾತ್ರ ನಾನು ಒತ್ತಾಯಿಸುತ್ತೇನೆ, ಏಕೆಂದರೆ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಬರಹವು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ, ಗೂಗಲ್ ಹುಡುಕಾಟಕ್ಕೂ ಸಿಗುವುದಿಲ್ಲ. ಇಂಗ್ಲಿಷ್‌ಗೆ ಅಂಜಿ ಕೀಲಿಮಣೆಯಿಂದ ದೂರ ಕೂರುತ್ತಿದ್ದ ಮಕ್ಕಳು ತಮ್ಮ ಊರಿನ ಜಾತ್ರೆಯ ಬಗ್ಗೆ ಒಂದು ಪುಟ ಕನ್ನಡದಲ್ಲಿ ಟೈಪ್ ಮಾಡಿದ ಮೇಲೆ ಕರೆಯದೆಯೇ ಲ್ಯಾಬಿಗೆ ಬರುವುದನ್ನು ನೋಡಿದ್ದೇನೆ.

ಒಂದು ಕಂಪ್ಯೂಟರಿಗೆ ಮೂವರು ಕೂರುವಲ್ಲಿ ಮೌಸ್ ಸಾಮಾನ್ಯವಾಗಿ ಹುಡುಗರ ಕೈಯಲ್ಲಿರುತ್ತದೆ; ಹುಡುಗಿಯರು ಪಕ್ಕದಲ್ಲಿ ನೋಟ್ಸ್ ಬರೆದುಕೊಳ್ಳುತ್ತಿರುತ್ತಾರೆ. ಮನೆಯ ಒಂದೇ ಫೋನ್ ಅಣ್ಣನ ಬಳಿ ಇರುವ ಕಡೆ ಅವರಿಗೆ ಲ್ಯಾಬಿನ ಹೊರತು ಬೇರೆ ದಾರಿಯಿಲ್ಲ. ಹಾಗಾಗಿ ನಾನು ಹದಿನೈದು ನಿಮಿಷಕ್ಕೊಮ್ಮೆ ಜಾಗ ಬದಲಿಸಲು ಹೇಳುತ್ತೇನೆ, ಪ್ರತಿಯೊಬ್ಬರೂ ತಮ್ಮ ಹೆಸರಿನ ಫೋಲ್ಡರಿನಲ್ಲಿ ತಾವೇ ಮಾಡಿದ ಕೆಲಸವನ್ನು ಇಡುವಂತೆ ನೋಡಿಕೊಳ್ಳುತ್ತೇನೆ. ವಿದ್ಯಾರ್ಥಿವೇತನದ ಅರ್ಜಿ ಆರಂಭವಾಗುವ ಹೊತ್ತಿಗೆ ಅದೇ ಲ್ಯಾಬಿನಲ್ಲಿ ದಾಖಲೆಗಳನ್ನು ತರಿಸಿ, ಅವರವರ ಅರ್ಜಿಯನ್ನು ಅವರವರಿಂದಲೇ ತುಂಬಿಸುವ ಏರ್ಪಾಡು ಎಲ್ಲ ಕಾಲೇಜುಗಳಲ್ಲೂ ಆಗಬೇಕು. ಅದಕ್ಕೆ ಹೊಸ ಅನುದಾನ ಬೇಕಿಲ್ಲ, ಒಂದು ವಾರದ ಮಧ್ಯಾಹ್ನಗಳು ಮತ್ತು ಜೊತೆಗೆ ನಿಲ್ಲುವ ಒಬ್ಬಿಬ್ಬರು ಅಧ್ಯಾಪಕರು ಸಾಕು.